ಹನ್ನೊಂದು ದಿನದ ಸ್ತೋತ್ರ

ಸ್ತೋತ್ರದಕ್ಕ ಎಂಬ ಹೆಸರು ಅವಳಿಗೆ ಬಿದ್ದದ್ದು ಕೆಲಸದ ಜಾಗದಲ್ಲಿ. ಇಟ್ಟವರು ಗೇಲಿಗೆ ಇಟ್ಟರು, ಅವಳು ಬಿರುದೆಂದು ತೆಗೆದುಕೊಂಡಳು. ಹಾಲು ಉಕ್ಕುವ ಮೊದಲೇ ಒಲೆ ಆರಿಸಿದರೆ ದೇವರಿಗೆ ಸ್ತೋತ್ರ. ಉಕ್ಕಿ ಹರಿದುಹೋದರೆ, ಅರ್ಧವಾದರೂ ಉಳಿಯಿತಲ್ಲ, ಅದಕ್ಕೂ ಸ್ತೋತ್ರ. ಬಸ್ಸು ಸಿಕ್ಕರೆ ಒಂದು, ತಪ್ಪಿದರೆ ನಡೆಯಲು ಕಾಲು ಕೊಟ್ಟಿದ್ದಾನಲ್ಲ ಎಂದು ಎರಡು. ಗಡಿಯಾರ ರಿಪೇರಿ ಮಾಡುವ ಅವಳ ಗಂಡ ಬಂದವರ ಮುಂದೆಲ್ಲ ಹೇಳುತ್ತಿದ್ದ, ನಾನು ಸತ್ತರೆ ಇವಳು ಮೊದಲು ಸ್ತೋತ್ರ ಹೇಳಿ ಆಮೇಲೆ ಅಳುತ್ತಾಳೆ ಎಂದು. ಅವಳೂ ನಗುತ್ತಿದ್ದಳು.

ನಗುವವರು ನಗಲಿ, ಅವಳದು ತೋರಿಕೆಯ ಭಕ್ತಿಯಲ್ಲ. ಬೆಳಿಗ್ಗೆ ಎದ್ದವಳು ಹಾಸಿಗೆಯ ಮೇಲೇ ಕುಳಿತು ಹಿಂದಿನ ದಿನ ಸಿಕ್ಕ ಹತ್ತು ಒಳ್ಳೆಯದನ್ನು ಒಂದೊಂದು ಬೆರಳು ಮಡಚುತ್ತ ನೆನೆಯುತ್ತಿದ್ದಳು. ಅಮ್ಮ ಕಲಿಸಿದ ಅಭ್ಯಾಸ. ಎರಡು ಕೂಸು ಹೊಟ್ಟೆಯಲ್ಲೇ ಹೋದ ವರ್ಷಗಳಲ್ಲೂ ಹತ್ತು ಬೆರಳು ತುಂಬಿಸದೆ ಅವಳು ಕೆಳಗೆ ಕಾಲಿಟ್ಟವಳಲ್ಲ. ಒಂಬತ್ತಕ್ಕೇ ನಿಂತುಹೋದ ದಿನ, ಎಣಿಸಲು ಬೆರಳಿವೆಯಲ್ಲ ಎಂದು ಹತ್ತನೆಯದನ್ನು ಮಡಚುತ್ತಿದ್ದಳು. ಗೊಣಗುವುದು ಪಾಪ ಎಂದು ಚರ್ಚಿನ ಸಭೆಯಲ್ಲಿ ಕೇಳಿ ಬೆಳೆದವಳು. ಆ ಒಂದು ಪಾಪವನ್ನಂತೂ ನಾನು ಮಾಡಿಲ್ಲ ಎಂಬ ಸಣ್ಣ ಹೆಮ್ಮೆ ಅವಳೊಳಗಿತ್ತು. ದೊಡ್ಡ ಪಾಪಗಳೆಲ್ಲ ಇಂಥ ಸಣ್ಣ ಹೆಮ್ಮೆಯ ಬೆನ್ನಿಗೇ ಬರುತ್ತವೆ, ಆದರೆ ಅದು ಆಗ ಯಾರಿಗೆ ಗೊತ್ತಿತ್ತು?

ಅವಳು ಕೆಲಸ ಮಾಡುತ್ತಿದ್ದುದು ದೊಡ್ಡದೊಂದು ಲಾಂಡ್ರಿಯಲ್ಲಿ. ಹೋಟೆಲು, ಆಸ್ಪತ್ರೆಗಳ ಬಟ್ಟೆಯೆಲ್ಲ ಅಲ್ಲಿಗೆ ಗಾಡಿಗಟ್ಟಲೆ ಬರುತ್ತಿತ್ತು. ದಿಂಬಿನ ಕವರು, ಮೇಜಿನ ಬಟ್ಟೆಗಳಿಗೆಂದೇ ಒಂದು ಬಿಸಿ ರೋಲರ್ ಇತ್ತು. ಈ ಕಡೆಯಿಂದ ಹಸಿ ಬಟ್ಟೆಯ ಅಂಚು ಕೊಟ್ಟರೆ ಅದು ಸರ್ರನೆ ಒಳಗೆಳೆದುಕೊಂಡು, ಆ ಕಡೆ ಒಣಗಿಸಿ ಸಪಾಟು ಮಾಡಿ ಬಿಡುತ್ತಿತ್ತು. ಕೊಡುವ ಕಡೆ ಸ್ತೋತ್ರದಕ್ಕ, ತೆಗೆದು ಮಡಚುವ ಕಡೆ ಇನ್ನೊಬ್ಬಳು. ಆರು ವರ್ಷ ಹೀಗೆ ಮುಖಾಮುಖಿ ನಿಂತು, ಲಾಂಡ್ರಿಯಲ್ಲಿ ಆ ಇನ್ನೊಬ್ಬಳಿಗೆ 'ಎದುರಿನವಳು' ಎಂದೇ ಹೆಸರಾಗಿತ್ತು. ವಯಸ್ಸಿನಲ್ಲಿ ಐದು ವರ್ಷ ಚಿಕ್ಕವಳು, ಬಾಯಿಯಲ್ಲಿ ಹತ್ತು ವರ್ಷ ದೊಡ್ಡವಳು. ಅವಳ ದೇವರು ಬೇರೆ. ಆದರೂ ದಿನಾ ಹತ್ತು ಗಂಟೆಗೆ ಸ್ತೋತ್ರದಕ್ಕ ಬಟ್ಟೆಯ ಉಗ್ರಾಣಕ್ಕೆ ಹೋಗಿ ಐದು ನಿಮಿಷ ಮಂಡಿಯೂರುವಾಗ, ಈ ಕಡೆ ಬಂದು ಅವಳ ಜಾಗದಲ್ಲಿ ನಿಂತು ಕವರು ಕೊಡುತ್ತಿದ್ದವಳು ಇವಳೇ. ಆ ಐದು ನಿಮಿಷ ಕವರುಗಳು ಆಚೆ ಕಡೆಯ ಬುಟ್ಟಿಗೆ ತಾವಾಗಿಯೇ ಬೀಳುತ್ತಿದ್ದವು. ಹೋಗಿ ಬನ್ನಿ ಅಕ್ಕ, ನನ್ನದೂ ಒಂದು ಅರ್ಜಿ ಹಾಕಿ ಬನ್ನಿ, ಎಂದು ತಮಾಷೆ ಬೇರೆ ಮಾಡುತ್ತಿದ್ದಳು.

ರೋಲರಿನ ಮುಂದೆ, ಹೊಟ್ಟೆಯ ಎತ್ತರಕ್ಕೆ, ಅಡ್ಡಲಾಗಿ ಒಂದು ಕೆಂಪು ಪಟ್ಟಿ ಇತ್ತು. ಬಟ್ಟೆಯ ಜೊತೆ ಕೈ ಹೋಗುವ ಹಾಗಾದರೆ ಅದನ್ನು ಒತ್ತಬೇಕು, ರೋಲರ್ ತಕ್ಷಣ ನಿಲ್ಲಬೇಕು. ದಿನಾ ಬೆಳಿಗ್ಗೆ ಅದನ್ನು ಒತ್ತಿ ನೋಡಿ, ಗೋಡೆಗೆ ನೇತುಹಾಕಿದ ಹಾಳೆಯಲ್ಲಿ 'ಸರಿ ಇದೆ' ಎಂಬುದರ ಮುಂದೆ ಗುರುತು ಹಾಕುವ ಕೆಲಸ ಸ್ತೋತ್ರದಕ್ಕನದು. ಸರಿ ಇಲ್ಲ ಎಂದು ಬರೆದರೆ ಫಿಟ್ಟರ್ ಬರಬೇಕು, ಅರ್ಧ ದಿನ ಯಂತ್ರ ನಿಲ್ಲಬೇಕು, ಹಸಿ ಬಟ್ಟೆ ಗುಡ್ಡೆ ಬೀಳಬೇಕು, ಸೂಪರ್‌ವೈಸರ್ ಮುಖ ಗಂಟು ಹಾಕಿಕೊಳ್ಳಬೇಕು.

ಒಂದು ಸೋಮವಾರ ಬೆಳಿಗ್ಗೆ ಅವಳು ಪಟ್ಟಿ ಒತ್ತಿದಾಗ ರೋಲರ್ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದಳು, ನಿಂತಿತು. ದೇವರಿಗೆ ಸ್ತೋತ್ರ ಎಂದು ಗುರುತು ಹಾಕಿದಳು. ಮರುದಿನವೂ ಹಾಗೆಯೇ, ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಉಂಟು. ಬರೆಯೋಣವೇ ಎಂದು ಒಂದು ಕ್ಷಣ ಪೆನ್ನು ಎತ್ತಿದಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾದೀತು ಎನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಎರಡನೆಯ ಸಲಕ್ಕಾದರೂ ನಿಲ್ಲುತ್ತಿದೆಯಲ್ಲ, ನಿಂತದ್ದಕ್ಕೆ ಸ್ತೋತ್ರ ಹೇಳದೆ ನಿಲ್ಲದ್ದಕ್ಕೆ ಗೊಣಗಲೇ ಎನ್ನಿಸಿತು. ಗುರುತು ಹಾಕಿ, ನಾಳೆ ಬೆಳಿಗ್ಗೆಯ ಹತ್ತು ಬೆರಳಲ್ಲಿ ಇದಕ್ಕೂ ಒಂದು ಎಂದುಕೊಂಡಳು. ಹೀಗೆ ಹನ್ನೊಂದು ದಿನ ನಡೆಯಿತು.

ಹನ್ನೊಂದನೆಯ ದಿನ ಶುಕ್ರವಾರ. ಹತ್ತು ಗಂಟೆಗೆ ಅವಳು ಉಗ್ರಾಣದಲ್ಲಿ, ಕಪಾಟುಗಳ ನಡುವೆ ಮಂಡಿಯೂರಿ ಕಣ್ಣು ಮುಚ್ಚಿದ್ದಳು. ಮೊದಲು ಕಿರುಚು ಕೇಳಿಸಿತು, ಆಮೇಲೆ ರೋಲರಿನ ಸದ್ದು ನಿಂತಿತು. ಓಡಿ ಬರುವಷ್ಟರಲ್ಲಿ ಜನ ಮುತ್ತಿಕೊಂಡಿದ್ದರು. ಎದುರಿನವಳ ಬಲಗೈಗೆ ಯಾರೋ ಹಸಿ ದಿಂಬಿನ ಕವರು ಸುತ್ತಿದ್ದರು. ಅವಳ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಗಾಡಿ ಬಂತು, ಎತ್ತಿಕೊಂಡು ಹೋದರು. ಕೈಗೆ ಬಿಸಿ ತಾಗಿದೆ, ಗುಣವಾಗುತ್ತದೆ ಎಂದು ಸೂಪರ್‌ವೈಸರ್ ಎಲ್ಲರನ್ನೂ ಚದುರಿಸಿದ.

ಐದು ನಿಮಿಷ ಮೊದಲು ಅಲ್ಲಿ ಇದ್ದದ್ದು ನನ್ನ ಕೈ ಎಂಬುದನ್ನು ಬಿಟ್ಟು ಬೇರೇನೂ ಸ್ತೋತ್ರದಕ್ಕನ ತಲೆಗೆ ಹೋಗಲಿಲ್ಲ. ನೆರೆದ ಹೆಂಗಸರೂ ಅದನ್ನೇ ಹೇಳಿದರು, ನಿನ್ನ ದೇವರು ನಿನ್ನನ್ನು ಅಲ್ಲಿಂದ ಸರಿಸಿ ಕಳಿಸಿದ ಕಣೇ ಎಂದು. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೆಂಪು ಪಟ್ಟಿಯ ನೆನಪು ಎರಡು ಸಲ ಬಂತು, ಎರಡು ಸಲವೂ ಅದರ ಮೇಲೆ ಸ್ತೋತ್ರ ಹೊದಿಸಿದಳು. ಹೊದಿಸುವ ವಿದ್ಯೆಯಲ್ಲಿ ಅವಳದು ಪಳಗಿದ ಕೈ.

ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂದಾಗ ಮೊದಲು ಎದ್ದವಳು ಅವಳೇ. ಕರ್ತನು ಆ ವಾರ ತಮಗೆ ಮಾಡಿದ್ದನ್ನು ಒಬ್ಬೊಬ್ಬರೇ ಎದ್ದು ಹೇಳುವುದು ಅಲ್ಲಿನ ರೂಢಿ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದಳು. ಪ್ರಾರ್ಥನೆಗೆ ಹೋಗಿದ್ದೆ, ಅದಕ್ಕೇ ಉಳಿದೆ, ಹೋಗದಿದ್ದರೆ ಈ ಕೈ ಇರುತ್ತಿರಲಿಲ್ಲ ಎಂದು ಎರಡೂ ಕೈ ಮೇಲೆತ್ತಿ ತೋರಿಸಿದಳು. ಬೆಂಚುಗಳೆಲ್ಲ ಹಲ್ಲೆಲೂಯ ಎಂದವು. ಅಲ್ಲಿ ಇನ್ನೊಬ್ಬಳಿದ್ದಳು, ಅವಳಿಗೆ ಸ್ವಲ್ಪ ಪೆಟ್ಟಾಗಿದೆ, ಅವಳಿಗಾಗಿಯೂ ಪ್ರಾರ್ಥಿಸಿ ಎಂದು ಕೊನೆಗೊಂದು ಮಾತು ಸೇರಿಸಿ ಕುಳಿತಳು.

ಪಾಸ್ಟರು ಎಂದಿನ ಹಾಗೆ, ಹೊಸಬರು ಯಾರಾದರೂ ಬಂದಿದ್ದರೆ ಎದ್ದು ಪರಿಚಯ ಹೇಳಿ ಎಂದರು. ಕೊನೆಯ ಬೆಂಚಿನಿಂದ ಒಬ್ಬ ಎದ್ದ. ಇಸ್ತ್ರಿ ಇಲ್ಲದ ಅಂಗಿ, ಎರಡು ದಿನ ನಿದ್ದೆ ಕಾಣದ ಮುಖ. ಎಲ್ಲಿ ಚಪ್ಪಲಿ ಬಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ.

"ನಾನು ಆ ಇನ್ನೊಬ್ಬಳ ಗಂಡ" ಎಂದ. "ಅವಳೇ ಕಳಿಸಿದ್ದು. ಅಕ್ಕ ಹೋಗೋ ಚರ್ಚಿಗೆ ಹೋಗಿ ನನಗೋಸ್ಕರ ಕೇಳ್ಕೊಳ್ಳಿ ಅಂತ ಹೇಳು, ಅಕ್ಕ ಕೇಳಿದ್ರೆ ದೇವರು ಕೊಡ್ತಾನೆ ಅಂದ್ಲು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಿನ್ನೆ ಬಲಗೈಯ ನಾಲ್ಕು ಬೆರಳು ತೆಗೆದರು, ಹೆಬ್ಬೆರಳು ಉಳಿದಿದೆ ಎಂದ. ಪಟ್ಟಿ ಒತ್ತಿದೆ, ಯಂತ್ರ ನಿಲ್ಲಲಿಲ್ಲ ಎಂದು ಅವಳು ಹೇಳುತ್ತಿದ್ದಾಳೆ, ಒತ್ತಿಯೇ ಇಲ್ಲ, ಮೈಮರೆತದ್ದು ಅವಳದೇ ತಪ್ಪು ಎಂದು ಲಾಂಡ್ರಿಯವರು ಹೇಳುತ್ತಿದ್ದಾರೆ, ಗೋಡೆಯ ಹಾಳೆಯಲ್ಲಿ ಅವತ್ತೂ ಸರಿ ಇದೆ ಎಂದು ಗುರುತಿದೆಯಂತೆ, ಎಂದ. ಆಮೇಲೆ ಸ್ತೋತ್ರದಕ್ಕನ ಕಡೆ ತಿರುಗಿದ.

"ಗುರುತು ಹಾಕಿದ್ದು ನೀವಂತೆ. ನೀವು ಸುಳ್ಳು ಹೇಳೋರಲ್ಲ ಅಂತಾಳೆ ಅವಳು. ಅಕ್ಕ, ಅದು ಸರಿ ಇತ್ತಾ?"

ಸಭೆಯೆಲ್ಲ ಅವಳತ್ತ ತಿರುಗಿತು. ನಾಲ್ಕು ಬೆರಳು ಎಂಬುದೊಂದೇ ಅವಳ ಕಿವಿಯಲ್ಲಿ ಸುತ್ತುತ್ತಿತ್ತು. ಈಗಷ್ಟೇ ಮೇಲೆತ್ತಿ ತೋರಿಸಿದ ತನ್ನ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸೆರಗಿನೊಳಗೆ ಬಚ್ಚಿಟ್ಟಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಪಾಸ್ಟರಿಗೂ ದಿಕ್ಕು ತೋಚಲಿಲ್ಲ, ಪ್ರಾರ್ಥಿಸೋಣ ಎಂದುಬಿಟ್ಟರು. ಎಲ್ಲರೂ ಕಣ್ಣು ಮುಚ್ಚಿದರು. ಆಮೆನ್ ಎಂದು ಕಣ್ಣು ತೆರೆದಾಗ ಕೊನೆಯ ಬೆಂಚು ಖಾಲಿಯಾಗಿತ್ತು.

ಮನೆಯಲ್ಲಿ ಗಂಡ ತಟ್ಟೆಯ ಮುಂದೆ ತಲೆ ತಗ್ಗಿಸಿ ಕುಳಿತ. ಊಟಕ್ಕೆ ಮೊದಲು ಸ್ತೋತ್ರ ಹೇಳುವುದು ಮದುವೆಯಾದಂದಿನಿಂದ ಅವಳ ಪಾಲಿನ ಕೆಲಸ. ಅವಳು ಹೇಳಲಿಲ್ಲ. ಊಟ ಆರುತ್ತ ಹೋಯಿತು. ಅವನು ತಲೆಯೆತ್ತಿ ನೋಡಿದಾಗ ಅವಳು ಗೋಡೆ ನೋಡುತ್ತ, ಯಾರದೋ ಸುದ್ದಿ ಹೇಳುವವಳ ಹಾಗೆ, ಹನ್ನೊಂದು ದಿನದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ, "ಬೇರೆ ಯಾರಿಗೂ ಗೊತ್ತಿಲ್ಲ ತಾನೆ?" ಎಂದ. ಅಂದ ಮೇಲೆ ತನ್ನ ಬಾಯಿಂದ ಇಂಥ ಮಾತು ಬಂತೇ ಎಂದು ತಾನೇ ಬೆಚ್ಚಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂವತ್ತು ವರ್ಷ ಒಟ್ಟಿಗೆ ಪ್ರಾರ್ಥಿಸಿದ ಗಂಡ ಹೆಂಡತಿ ಅಷ್ಟು ಸುಲಭಕ್ಕೆ ಕಳ್ಳರಾಗಬಹುದು ಎಂಬುದು ಅವಳಿಗೆ ಆವತ್ತಿನ ಎರಡನೆಯ ಆಘಾತ.

ಸೋಮವಾರ ಬೆಳಿಗ್ಗೆ ಹಾಸಿಗೆಯ ಮೇಲೆ ಕುಳಿತು ಹೆಬ್ಬೆರಳು ಮಡಚಿದಳು. ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ. ಉಳಿದ ನಾಲ್ಕು ಬೆರಳು ನೆಟ್ಟಗೆ ನಿಂತು ಅವಳನ್ನೇ ನೋಡುತ್ತಿದ್ದವು. ಮುಖಕ್ಕೆ ನೀರು ಚಿಮುಕಿಸಿ, ತಿಂಡಿ ಮುಟ್ಟದೆ, ನೇರ ಲಾಂಡ್ರಿಯ ಮ್ಯಾನೇಜರ ಕೋಣೆಗೆ ಹೋದಳು.

ಮ್ಯಾನೇಜರು ಕೆಟ್ಟವರೇನಲ್ಲ. ಅವಳು ಹೇಳಿದ್ದನ್ನು ಕೇಳಿ ಅವರ ಕೈಯ ಪೆನ್ನು ಮೇಜಿನ ಮೇಲೆ ಉರುಳಿತು. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ ಬಂದು, ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದರು. ಹಾಳೆಯಲ್ಲಿ ಸರಿ ಎಂದೇ ಇದೆ, ಅಷ್ಟೇ ಸಾಕು, ನಿನ್ನ ತಲೆಯ ಮೇಲೆ ನೀನೇ ಕಲ್ಲು ಯಾಕೆ ಹಾಕಿಕೊಳ್ಳುತ್ತೀ, ಬರೆದುಕೊಟ್ಟರೆ ನಿನಗೆ ಇಲ್ಲಿ ಜಾಗ ಇರುವುದಿಲ್ಲ ಎಂದರು. ಅವರ ಮಾತು ಅವಳ ಗಂಡನ ಮಾತಿನ ಹಾಗೇ ಮೆತ್ತಗಿತ್ತು. ಅವಳಿಗೆ ಭಯವಾಯಿತು. ಕೆಲಸ ಹೋದರೆ ಈ ವಯಸ್ಸಿಗೆ ಇನ್ನೊಂದು ಯಾರು ಕೊಡುತ್ತಾರೆ ಎಂದೂ ಅನ್ನಿಸಿತು. ಆದರೂ ಬರೆಯಲು ಒಂದು ಬಿಳಿ ಹಾಳೆ ಕೇಳಿದಳು. ಪಟ್ಟಿ ಹನ್ನೊಂದು ದಿನದಿಂದ ಕೆಟ್ಟಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಸರಿ ಎಂದು ಗುರುತು ಹಾಕಿದೆ, ತಪ್ಪು ಅವಳದಲ್ಲ ಎಂದು ದುಂಡಗೆ ಬರೆದು ಸಹಿ ಮಾಡಿದಳು. ಅದರ ನಕಲೊಂದನ್ನು ಕೈಯಲ್ಲೇ ಬರೆದು ಚೀಲದೊಳಗೆ ಇಟ್ಟುಕೊಂಡಳು. ನಾಳೆಯಿಂದ ಬರುವುದು ಬೇಡ ಎಂದು ಮ್ಯಾನೇಜರು ಕಿಟಕಿಯ ಕಡೆ ನೋಡುತ್ತ ಹೇಳಿದರು.

ಆ ಸಂಜೆ ನಾಲ್ಕು ಗಂಟೆಗೆ, ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ, ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಚೀಲದಿಂದ ತೆಗೆದುಕೊಟ್ಟ ನಕಲನ್ನು ಎದುರಿನವಳ ಗಂಡ ಎರಡು ಸಲ ಓದಿದ. ಅದನ್ನು ಜೇಬಿಗಿಟ್ಟುಕೊಂಡು, ಸ್ಟೂಲು ಬಿಟ್ಟುಕೊಟ್ಟು ಹೊರಗೆ ಹೋದ.

ಮಂಚದ ಮೇಲೆ ಬ್ಯಾಂಡೇಜಿನ ಒಂದು ಬಿಳಿ ಉಂಡೆ, ಅದರ ಪಕ್ಕಕ್ಕೆ ಆ ಬಾಯಿಬಡುಕಿಯ ಸೊರಗಿದ ಮುಖ. ಬರುವ ದಾರಿಯುದ್ದಕ್ಕೂ ಸ್ತೋತ್ರದಕ್ಕ ಮಾತು ಜೋಡಿಸಿಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ. ಪಟ್ಟಿ ಕೆಟ್ಟಿತ್ತು, ಎರಡನೆಯ ಸಲ ಒತ್ತಿದರೆ ಮಾತ್ರ ನಿಲ್ಲುತ್ತಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು, ಎಂದಷ್ಟೇ ಹೇಳಿದಳು. ಮ್ಯಾನೇಜರಿಗೆ ಬರೆದುಕೊಟ್ಟು ಬಂದೆ ಎಂದಳು. ಅಷ್ಟು ದಿನ ಗೋಡೆಯ ಹಾಳೆಯಲ್ಲಿ ಯಾಕೆ ಬರೆಯಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ದಿನಾ ಅದು ಎರಡನೆಯ ಸಲಕ್ಕೆ ನಿಂತಾಗ ದೇವರಿಗೆ ಸ್ತೋತ್ರ ಹೇಳುತ್ತಿದ್ದೆ ಎಂದಳು. ಹೇಳುವಾಗ ಆ ಮಾತು ತನ್ನ ಕಿವಿಗೇ ಹುಚ್ಚಿಯ ಮಾತಿನ ಹಾಗೆ ಕೇಳಿಸಿತು.

ಎದುರಿನವಳು ಕಣ್ಣು ಮುಚ್ಚಿ ಕೇಳಿದಳು. ಒಮ್ಮೆ ಅವಳ ಬಲ ಭುಜ ಅದುರಿತು.

"ನಾನು ಒತ್ತಿದ್ದು ನಿಜ" ಎಂದಳು. "ಎರಡು ದಿನದಿಂದ, ನಾನೇ ಒತ್ತಲಿಲ್ವೇನೋ ಅಂತ ನನಗೇ ಅನ್ನಿಸೋಕೆ ಶುರುವಾಗಿತ್ತು."

ಸ್ತೋತ್ರದಕ್ಕನಿಗೆ ಅಳು ಒತ್ತರಿಸಿ ಬಂತು. ಅಳಲು ನನಗೇನು ಹಕ್ಕಿದೆ ಎಂದು ತುಟಿ ಕಚ್ಚಿ ಹಿಡಿದಳು. ಕ್ಷಮಿಸು ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಎದುರಿನವಳು ಕಣ್ಣು ತೆರೆದು ಅವಳನ್ನೇ ನೋಡಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ತಿಳಿದುಕೊಳ್ಳಬೇಕಾಗಿತ್ತು.

"ದೇವರಿಗೆ ಹನ್ನೊಂದು ದಿನ ಹೇಳಿದ್ರಿ" ಎಂದಳು. "ನಾನು ಅಲ್ಲೇ ನಿಂತಿದ್ದೆನಲ್ಲ ಅಕ್ಕ. ನನಗೆ ಯಾಕೆ ಹೇಳಲಿಲ್ಲ?"

ಸ್ತೋತ್ರದಕ್ಕ ಬಾಯಿ ತೆರೆದಳು. ವಾರ್ಡಿನ ಗಂಟೆ ಹೊಡೆಯಿತು, ನೋಡಲು ಬಂದವರೆಲ್ಲ ಎದ್ದು ಹೊರಟರು, ನರ್ಸ್ ಬಂದು ಹೊತ್ತಾಯಿತು ಎಂದಳು. ಸ್ತೋತ್ರದಕ್ಕ ಆ ಸ್ಟೂಲಿನ ಮೇಲೆ ಕುಳಿತೇ ಇದ್ದಳು.