ಟಾವೆಲ್ ಕೆಳಗಿನ ಕೈ

ಶಂಭುಲಿಂಗ ಮೋಸಗಾರ. ಈ ಮಾತನ್ನು ಅವನ ಎದುರಿಗೇ ಹೇಳಿದ್ದೇನೆ, ಅವನು ಅಲ್ಲಗಳೆದಿಲ್ಲ.

ಅವನು ಹಿರೇಕೆರೂರಿನ ದನದ ಸಂತೆಯ ಹಳೆಯ ದಲಾಲ. ಅಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ದಲಾಲನೂ ಕೊಳ್ಳುವವನೂ ಟಾವೆಲ್ ಕೆಳಗೆ ಕೈ ಹಿಡಿಯುತ್ತಾರೆ. ಒತ್ತಿದ ಬೆರಳುಗಳೇ ದರ. ಮಾರುವವರಿಗೆ ದಲಾಲ ಹೇಳಿದ್ದೇ ನಿಜ. ನಮ್ಮ ಪಕ್ಕದ ಮನೆಯ ಹಾಜರಾಬಿಯ ಆಕಳನ್ನು ಮಾರಿಸಿದಾಗ ಅವನು ಬಂದ ದರಕ್ಕಿಂತ ಕಡಿಮೆ ಹೇಳಿ, ಉಳಿದದ್ದನ್ನು ನುಂಗಿದ್ದ. ಅದು ಅವಳಿಗೆ ತಿಳಿದದ್ದು ಆಮೇಲೆ, ಕೊಂಡವನ ಹೆಂಡತಿಯಿಂದ.

ದನಗಳಿಗೆ ಚರ್ಮಗಂಟು ರೋಗ ಬಂದು ಸಂತೆ ನಿಂತಾಗ ತನುಜಾ ಎಂಬ ಇಂಜಿನಿಯರ್ ಪ್ರಯೋಗಕ್ಕೆಂದು ಕಣ್ಣಿಗೆ ಕಟ್ಟುವ ವಿಆರ್ ಹೆಡ್‌ಸೆಟ್ಟು, ಕೈಗವಸು ತಂದಳು. ಒಂದು ಜೊತೆ ಇಲ್ಲಿ, ಇನ್ನೊಂದು ಸವಣೂರಿನಲ್ಲಿ. ತೊಟ್ಟ ಇಬ್ಬರಿಗೂ ಒಂದೇ ಅಂಗಳದಲ್ಲಿ ಎದುರುಬದುರು ನಿಂತಂತೆ ಕಾಣುತ್ತದೆ. ಇಲ್ಲಿ ಎತ್ತಿನ ಬೆನ್ನು ಸವರಿದರೆ ಅಲ್ಲಿಯ ಅಂಗೈಗೆ ತಿಳಿಯುತ್ತದೆ. ಅಲ್ಲಿ ಬೆರಳು ಒತ್ತಿದರೆ ಇಲ್ಲಿಯ ಗವಸು ಬಿಗಿಯುತ್ತದೆ.

ಆಗಲೇ ಹಾಜರಾಬಿಯ ಗಂಡ ಸೊಂಟ ಮುರಿದುಕೊಂಡು ಮಲಗಿದ್ದ. ಆಪರೇಷನ್ನಿಗೆ ಎತ್ತಿನ ಜೋಡಿ ಮಾರಲೇಬೇಕಿತ್ತು. ಗವಸು ತೊಡಲು ಒಪ್ಪಿದ ದಲಾಲ ಶಂಭುಲಿಂಗನೊಬ್ಬನೇ. ಅವಳ ಅಂಗಳದಲ್ಲಿ ಹೆಡ್‌ಸೆಟ್ಟು ಕಟ್ಟಿಕೊಂಡವನು ತಡಕಾಡಿ ಗವಸಿನ ಮೇಲೆ ಟಾವೆಲ್ ಎಳೆದುಕೊಂಡ.

“ಕಾಕಾ, ಟಾವೆಲ್ ಅಲ್ಲಿ ಕಾಣಂಗಿಲ್ರಿ,” ಎಂದಳು ತನುಜಾ.

“ಅಲ್ಲಿ ಯಾರಿಗೆ ಕಾಣಬೇಕವ್ವಾ? ಇಲ್ಲಿ ಕುಂತವ್ರಿಗೆ ಮುಚ್ಚಿದ್ರ ಸಾಕು.”

ಸವಣೂರಿನ ವ್ಯಾಪಾರಿ ಶಾಹಬಾಜ ಶಂಭುಲಿಂಗನ ಕೈಯಿಂದಲೇ ಎತ್ತುಗಳನ್ನು ಸವರಿ ನೋಡಿದ. ಆಮೇಲೆ ಟಾವೆಲ್ ಎರಡು ಸಲ ಅಲುಗಿತು. ಎಂಬತ್ತು ಸಾವಿರ ಎಂದ ಶಂಭುಲಿಂಗ.

ಹಾಜರಾಬಿ ದನಿ ಏರಿಸಲಿಲ್ಲ. “ಆಕಳಿಗೂ ನೀವು ಹಿಂಗ ಹೇಳಿದ್ರಿ, ಅಣ್ಣಾ. ಇದು ನಮ್ಮವರ ಸೊಂಟದ ರೊಕ್ಕ.”

ಶಂಭುಲಿಂಗ ಟಾವೆಲ್ ಪಕ್ಕಕ್ಕಿಟ್ಟ. ಇನ್ನೊಮ್ಮೆ ಕೈ ಹಿಡಿಯಬೇಕು, ತಡೆಯಿರಿ ಎಂದು ಶಾಹಬಾಜನಿಗೆ ಹೇಳಿ ಹೆಡ್‌ಸೆಟ್ಟು ತೆಗೆದ. ಗವಸು ಕಳಚಿ ಹಾಜರಾಬಿಯ ಮುಂದೆ ಹಿಡಿದ.

“ಬೆರಳಿಗೆ ಹತ್ತು ಸಾವಿರ. ಗೆಣ್ಣು ಒತ್ತಿದ್ರ ಒಂದು ಸಾವಿರ. ನೀನ ಎಣಿಸ್ಕೊ.”

ಅಲ್ಲಿಯವರೆಗೆ ಆ ಟಾವೆಲ್ ಕೆಳಗೆ ಹೆಂಗಸಿನ ಕೈ ಹೋದದ್ದನ್ನು ನಾನು ಕಂಡಿರಲಿಲ್ಲ. ತನುಜಾ ಅವಳಿಗೆ ಗವಸು ತೊಡಿಸಿದಳು. ಶಂಭುಲಿಂಗ ತನ್ನ ಟಾವೆಲನ್ನು ಅದರ ಮೇಲೆ ಹೊದಿಸಿ, ಎತ್ತುಗಳ ಕಡೆ ಮುಖ ತಿರುಗಿಸಿ ನಿಂತ.