ಸೆಕ್ರೆಟರಿ ಮಾಮನ ಎಡಗಿವಿ

ನಮ್ಮ ಕಟ್ಟಡದ ಸದ್ದುಗದ್ದಲದ ತಕರಾರುಗಳನ್ನೆಲ್ಲ ಬಿಡಿಸುವ ಸೆಕ್ರೆಟರಿ ಮಾಮನಿಗೆ ಎಡಗಿವಿ ಕೇಳಿಸುವುದಿಲ್ಲ. ಅವರು ಹಿಂದೆ ದುಡಿದ ಮಗ್ಗದ ಕಾರ್ಖಾನೆಯ ಗದ್ದಲ ಅದನ್ನು ಎಂದೋ ನುಂಗಿಹಾಕಿದೆ. “ನನ್ನ ತಲೆ ಮೇಲೇ ಕುರ್ಚಿ ಎಳೀತಾರೆ, ಇವತ್ತು ಎರಡರಲ್ಲೊಂದು ಆಗ್ಲೇಬೇಕು” ಎಂದು ಕೆಳಮನೆಯವರು ಉರಿದುಕೊಂಡು ಬಂದರೆ, ಮಾಮ ಅವರನ್ನು ತಮ್ಮ ಎಡಗಡೆಯ ಕುರ್ಚಿಯಲ್ಲಿ ಕೂರಿಸಿ, ಬೈಗುಳವೆಲ್ಲ ಮುಗಿಯುವವರೆಗೂ “ಹೂಂ, ಆಮೇಲೆ?” ಎನ್ನುತ್ತಿರುತ್ತಾರೆ. ಬಂದವರ ಗಂಟಲು ಒಣಗಿದ ಮೇಲೆ ನೀರು ಕೊಟ್ಟು, ಬಲಗಡೆಗೆ ಕರೆದು, “ಈಗ ಹೇಳಿ, ಏನಾಯ್ತು?” ಎಂದು ಕೇಳುತ್ತಾರೆ. ಅಷ್ಟರಲ್ಲಿ ಅರ್ಧ ಜಗಳ ಇಳಿದಿರುತ್ತದೆ. ಉಳಿದರ್ಧಕ್ಕೆ ಹಳೇ ರಬ್ಬರ್ ಚಪ್ಪಲಿ ಕತ್ತರಿಸಿಕೊಂಡು ಮೇಲಿನ ಮನೆಗೆ ಹೋಗಿ, ಆ ಕುರ್ಚಿಯ ನಾಲ್ಕೂ ಕಾಲಿಗೆ ತಾವೇ ಅಂಟಿಸಿ ಬರುತ್ತಾರೆ. ಈ ಎಡಗಡೆಯ ಗುಟ್ಟು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರ ಹೆಂಡತಿ. ಕೋಪ ಬಂದ ದಿನ ಆಕೆ ಎಂದಿನ ಬಲಗಡೆ ಬಿಟ್ಟು, ಬೇಕೆಂದೇ ಗಂಡನ ಎಡಗಡೆ ಕೂತು ಗೊಣಗಲು ಶುರುಮಾಡುತ್ತಾರೆ. ಆಗ ಮಾಮ ಎದ್ದು, ತಮ್ಮ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಆಕೆಯ ಆಚೆಬದಿಗೆ ಇಟ್ಟುಕೊಂಡು, ಬಲಗಿವಿ ಒಡ್ಡಿ, “ಮೊದಲಿಂದ ಬೈಯಿ, ಒಂದೂ ಕೇಳಿಸ್ಲಿಲ್ಲ” ಎನ್ನುತ್ತಾರೆ.