ಟಾಸ್ ರತ್ನಮ್ಮನನ್ನು ಸೃಷ್ಟಿಸಿದವಳು ನಾನು

ರಾಜಗೋಪಾಲನಗರದ ರತ್ನಮ್ಮನವರಿಗೆ ಮೋಸ ಮಾಡಿದ ಆ ಅನಾಮಿಕ ವಂಚಕ ನಾನೇ. ಬೆಟ್ಟಿಂಗ್ ವಿರೋಧಿ ಸಭೆಗಳಲ್ಲಿ ಮೈಕ್ ಹಿಡಿದು ಯಾರನ್ನು ಇಷ್ಟು ವರ್ಷ ಖಂಡಿಸುತ್ತ ಬಂದೆನೋ, ಯಾರ ಕುತಂತ್ರವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆನೋ, ಆ ವ್ಯಕ್ತಿ ಬೇರೆಲ್ಲೂ ಇರಲಿಲ್ಲ. ಜಾಲಹಳ್ಳಿಯ ನನ್ನ ಮನೆಯಲ್ಲಿ, ನನ್ನದೇ ಮೇಜಿನ ಮುಂದೆ ಕುಳಿತಿದ್ದಳು.

ನಾನು ಕಾಲೇಜಿನಲ್ಲಿ ಗಣಿತ ಕಲಿಸುವವಳು. ಬಿಡುವಿನಲ್ಲಿ ಪೀಣ್ಯದ ಕಾರ್ಖಾನೆಗಳ ಮಹಿಳೆಯರ ನಡುವೆ ಕೆಲಸ ಮಾಡುವ ಒಂದು ಪುಟ್ಟ ವೇದಿಕೆಯ ಕಾರ್ಯಕರ್ತೆ. ಜನರಿಗೆ ತಿಳಿವಳಿಕೆ ಕೊಡುವುದು ನಮ್ಮ ಕೆಲಸ ಎಂದು ನಂಬಿದ್ದೆವು. ತಿಳಿವಳಿಕೆ ನಮ್ಮ ಕಡೆ ಇದೆ, ಅದು ಇಲ್ಲದಿರುವುದು ಅವರ ಕಡೆ ಎಂದು... ಆ ನಂಬಿಕೆಯ ಕೊಳಕನ್ನು ಆಗ ನಾನು ಕಂಡಿರಲಿಲ್ಲ.

ಬೆಟ್ಟಿಂಗ್ ಆ್ಯಪ್ ನಡೆಸುವವರ ಬಗ್ಗೆ ನನಗೆ ಅಂದೂ ಇಂದೂ ಹೇಸಿಗೆಯೊಂದೇ. ಕ್ರಿಕೆಟ್ ಟಾಸಿಗೆ ಇರುವುದು ಎರಡೇ ಫಲ. ನೂರು ಹಾಕಿ ಗೆದ್ದವಳಿಗೆ ನ್ಯಾಯವಾಗಿ ಇನ್ನೂರು ಸಿಗಬೇಕು. ಅವರು ಕೊಡುವುದು ನೂರ ತೊಂಬತ್ತು. ಒಮ್ಮೆ ಗೆದ್ದು ಒಮ್ಮೆ ಸೋತವಳು ಸಮನಾಗಿದ್ದೇನೆ ಎಂದುಕೊಂಡೇ ಹತ್ತು ರೂಪಾಯಿ ಕಳೆದುಕೊಂಡಿರುತ್ತಾಳೆ. ಕ್ಯಾಸಿನೊದ ಚಕ್ರದಲ್ಲಿ ಕೆಂಪು ಕಪ್ಪು ಮನೆಗಳ ನಡುವೆ ತೂರಿಸಿಟ್ಟಿರುವ ಹಸಿರು ಸೊನ್ನೆಯದೂ ಇದೇ ಕೆಲಸ. ಇದನ್ನು ಕೌಶಲದ ಆಟ ಎನ್ನುವ ನಾಚಿಕೆಗೇಡಿಗಳು! ಇವರ ಬಾಲ ಹಿಡಿದು ‘ತಂತ್ರ’ ಮಾರುವವರು ಇನ್ನೂ ಕೀಳು. ಸೋತಾಗಲೆಲ್ಲ ದುಪ್ಪಟ್ಟು ಹಾಕು, ಒಂದು ದಿನ ಗೆದ್ದೇ ಗೆಲ್ಲುತ್ತೀಯ ಎನ್ನುತ್ತಾರೆ. ಆ ಒಂದು ದಿನ ಬರುವ ತನಕ ಕೂಲಿಯವಳ ಜೇಬು ಬಾಳಬೇಕಲ್ಲ, ಆ ಮಾತನ್ನು ಮಾತ್ರ ನುಂಗಿಕೊಳ್ಳುತ್ತಾರೆ.

ಇದನ್ನೆಲ್ಲ ನಾನು ಸಭೆಗಳಲ್ಲಿ ವಿವರಿಸುತ್ತಿದ್ದೆ. ಮಹಿಳೆಯರು ಆಕಳಿಸುತ್ತಿದ್ದರು. ಅದು ನನ್ನನ್ನು ಕುಟುಕಿತು. ಹೇಳಿದರೆ ಅರ್ಥವಾಗದು, ಅನುಭವಿಸಿಯೇ ಕಲಿಯಲಿ ಎಂದು ತೀರ್ಮಾನಿಸಿದೆ—ಯಾರನ್ನೂ ಕೇಳದೆ.

ಕಾರ್ಮಿಕ ವಿಮೆಯ ಆಸ್ಪತ್ರೆ ಕಾರ್ಡಿನ ಸಮಸ್ಯೆ ಬಗೆಹರಿಸಿಕೊಡುತ್ತೇವೆಂದು ನಾವು ಅವರ ಫೋನ್ ಸಂಖ್ಯೆಗಳನ್ನು ಪಡೆದಿದ್ದೆವು. ಅವುಗಳಲ್ಲಿ ನಲವತ್ತೆಂಟನ್ನು ಆರಿಸಿಕೊಂಡೆ. ಕಾಯಿಲೆಯ ಹೆಸರಿನಲ್ಲಿ ನಂಬಿ ಕೊಟ್ಟ ಸಂಖ್ಯೆಗಳವು. ಅವನ್ನು ಕದ್ದೆ ಎನ್ನುವುದೇ ಸರಿಯಾದ ಮಾತು. ಹೊಸ ಸಿಮ್ ಹಾಕಿ, ಪಂದ್ಯವೊಂದರ ಬೆಳಿಗ್ಗೆ ಅರ್ಧ ಮಂದಿಗೆ ಒಂದು ತಂಡ ಟಾಸ್ ಗೆಲ್ಲುವುದೆಂದೂ ಉಳಿದರ್ಧಕ್ಕೆ ಎದುರು ತಂಡವೆಂದೂ ಸಂದೇಶ ಕಳಿಸಿದೆ. ಸುಳ್ಳಾದ ಅರ್ಧವನ್ನು ಕೈಬಿಟ್ಟೆ. ಉಳಿದ ಇಪ್ಪತ್ತನಾಲ್ಕನ್ನು ಮುಂದಿನ ಪಂದ್ಯಕ್ಕೆ ಮತ್ತೆ ಸೀಳಿದೆ. ಹನ್ನೆರಡಾಯಿತು, ಆರಾಯಿತು, ಮೂರಾಯಿತು. ಆ ಮೂವರ ಪಾಲಿಗೆ ಯಾರೋ ಒಬ್ಬ ಸತತ ನಾಲ್ಕು ಸಲ ಭವಿಷ್ಯ ನುಡಿದಿದ್ದ. ನಿಜದಲ್ಲಿ ಯಾರೂ ಏನನ್ನೂ ನುಡಿದಿರಲಿಲ್ಲ. ನಾನು ಭಾಗಾಕಾರ ಮಾಡಿದ್ದೆ ಅಷ್ಟೆ.

ನಾಲ್ಕನೆಯ ಟಾಸ್ ಆದ ಮೇಲಿನ ಭಾನುವಾರದ ಸಭೆಯಲ್ಲಿ ಗುಟ್ಟು ಒಡೆಯುವುದು ನನ್ನ ಯೋಜನೆ. ಆದರೆ ಸಭೆ ಒಂದು ವಾರ ಮುಂದೆ ಹೋಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನೊಂದು ಸಂದೇಶ ಕಳಿಸಿದರೆ ಪ್ರಾತ್ಯಕ್ಷಿಕೆ ಮತ್ತಷ್ಟು ಮನಮುಟ್ಟುತ್ತದೆ ಎನಿಸಿತು... ಮನಮುಟ್ಟುವುದು! ಎಂಥ ಪದ. ಇಬ್ಬರಿಗೆ ಒಂದು ತಂಡದ ಹೆಸರು ಹೋಯಿತು, ಮೂರನೆಯವರಿಗೆ ಇನ್ನೊಂದರದು. ಮೂರನೆಯವರು ರತ್ನಮ್ಮ.

ರತ್ನಮ್ಮ ಯಾರೆಂದು ಹೇಳಬೇಕು. ಆಟೊಮೊಬೈಲ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರದ ಮೇಲೆ ಕೆಲಸ. ಎರಡನೇ ಪಾಳಿ ಮುಗಿಸಿ ಮಾದನಾಯಕನಹಳ್ಳಿ ಕಡೆಗೆ ಕತ್ತಲಲ್ಲಿ ನಡೆಯುವ ಹೆಣ್ಣುಮಕ್ಕಳಿಗೆ ಕಂಪನಿಯೇ ಬಸ್ ಬಿಡಬೇಕೆಂದು ಮ್ಯಾನೇಜರನ ಎದುರು ಕುರ್ಚಿ ಎಳೆದುಕೊಂಡು ಕುಳಿತು ವಾದಿಸಿದವರು. ‘ಬಸ್ ಬಿಡ್ದಿದ್ರೆ ನಾಳೆ ನಿಮ್ ಕಾರಲ್ಲೇ ಬರ್ತೀವಿ ಸಾರ್, ಸ್ವಲ್ಪ ಜರುಗಿ ಕೂತ್ಕೊಳಿ’ ಎಂದಿದ್ದರಂತೆ. ಬಸ್ ಬರುವುದರಲ್ಲಿತ್ತು.

ಐದನೆಯ ಸಂದೇಶವನ್ನು ನಂಬಿ ಅವರು ತಮ್ಮ ದುಡ್ಡನ್ನಷ್ಟೇ ಅಲ್ಲ, ಜೊತೆಯಲ್ಲಿ ದುಡಿಯುವವರ ದುಡ್ಡನ್ನೂ ಸೇರಿಸಿ ಆ್ಯಪ್‌ನಲ್ಲಿ ಹಾಕಿದರು. ಟಾಸ್ ಆಯಿತು. ಎಲ್ಲ ಹೋಯಿತು.

ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ನಿಂತರು. ‘ಯಾರೋ ಬೇವರ್ಸಿ ಮೆಸೇಜ್ ಕಳಿಸ್ತಿದ್ದ ಮೇಡಂ. ನಾಕು ಸಲ ಕರೆಕ್ಟಾಗಿ ಬಂತು. ಐದ್ನೇದ್ರಲ್ಲಿ ಮುಳುಗಿಸ್ಬಿಟ್ಟ.’ ಹಿಂದಿನಿಂದ ಒಬ್ಬಳು, ‘ನೀನ್ ಮುಳುಗಿದ್ದಲ್ದೆ ನಮ್ಮನ್ನೂ ಎಳ್ಕೊಂಡ್ ಹೋದ್ಯಲ್ಲ ಟಾಸ್ ರತ್ನಮ್ಮ!’ ಎಂದಳು. ಸಭೆ ಘೊಳ್ಳೆಂದು ನಕ್ಕಿತು.

ಮೈಕ್ ನನ್ನ ಕೈಯಲ್ಲಿತ್ತು. ‘ಅದನ್ನು ಕಳಿಸಿದವಳು ನಾನು’—ಇಷ್ಟೇ ಹೇಳಬೇಕಿತ್ತು. ನಾನು ಹೇಳಿದ್ದು: ‘ನೋಡಿ, ವಂಚಕರು ಹೀಗೇ ಮಾಡುತ್ತಾರೆ.’ ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ನಲವತ್ತೆಂಟರಿಂದ ಮೂರರವರೆಗೆ ಭಾಗಿಸಿ ತೋರಿಸಿದೆ. ಅಂದು ಯಾರೂ ಆಕಳಿಸಲಿಲ್ಲ. ಸಭೆ ಮುಗಿದ ಮೇಲೆ ರತ್ನಮ್ಮ ನನ್ನ ಕೈ ಹಿಡಿದು, ಕಣ್ಣು ತೆರೆಸಿದಿರಿ ಎಂದರು. ಆ ಕೃತಜ್ಞತೆಯನ್ನೂ ನಾನು ಸ್ವೀಕರಿಸಿದೆ.

ಕಂಪನಿಯವರೊಂದಿಗೆ ಮುಂದಿನ ಮಾತುಕತೆಯ ದಿನ ರತ್ನಮ್ಮ ಬಸ್ಸಿನ ವಿಷಯ ಎತ್ತಿದಾಗ ಸೂಪರ್‌ವೈಸರ್ ಅಂದನಂತೆ: ‘ಬಸ್ ಬರುತ್ತೋ ಇಲ್ವೋ, ಒಂದ್ ಟಾಸ್ ಹಾಕ್ಬಿಡೋಣ್ವಾ ಅಕ್ಕ?’ ಮ್ಯಾನೇಜರ್ ನಕ್ಕ. ಅದು ಅವನ ಯೋಗ್ಯತೆ. ಆದರೆ ಜೊತೆಗೆ ಹೋಗಿದ್ದ ಹೆಂಗಸರೂ ನಕ್ಕರು. ರತ್ನಮ್ಮ ಅಂದಿನಿಂದ ಯಾವ ಮಾತುಕತೆಗೂ ಹೋಗಲಿಲ್ಲ. ಬಸ್ ಇವತ್ತಿಗೂ ಬಂದಿಲ್ಲ. ಆ ದಾರಿಯಲ್ಲಿ ಹೆಣ್ಣುಮಕ್ಕಳು ಈಗಲೂ ನಡೆಯುತ್ತಾರೆ. ನಾನೋ, ‘ರಾಜಗೋಪಾಲನಗರದ ಒಬ್ಬ ಮುಗ್ಧ ಮಹಿಳೆ’ಯ ಕತೆಯನ್ನು ಊರೂರಿಗೆ ಒಯ್ದೆ. ಆ್ಯಪ್‌ನವರು ಆಕೆಯ ಕೂಲಿ ಕಸಿದರು. ನಾನು ಆಕೆಯ ಮಾತಿಗಿದ್ದ ಬೆಲೆಯನ್ನು ಕಸಿದು, ಅದರಿಂದ ನನ್ನ ಭಾಷಣಕ್ಕೆ ಬೆಲೆ ತಂದುಕೊಂಡೆ. ಇಬ್ಬರಲ್ಲಿ ಹೆಚ್ಚು ನೀಚರು ಯಾರೆಂದು ತಿಳಿಯಲು ಗಣಿತ ಬೇಕಿಲ್ಲ.

ಹೋದ ವಾರ ರತ್ನಮ್ಮನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ.

‘ಅಂಗಾದ್ರೆ ನೀವೇ ಕಳಿಸಿದ್ದು.’

‘ಹೌದು.’

‘ನಂಗೆ ತಲೆ ಇಲ್ಲ ಅಂತ ಅವತ್ತಿಂದ ನಾನೇ ನಂಬ್ಕೊಂಡ್ ಬಂದಿದೀನಿ ಮೇಡಂ. ಮಗಳು ಯಾವ್ ಕಾಲೇಜ್ ಸೇರ್ಬೇಕು ಅಂದ್ರೂ, ನನ್ನ ಕೇಳ್ಬೇಡ ಕಣೇ ಅಂದ್ಬಿಟ್ಟೆ.’

ಇದನ್ನೆಲ್ಲ ಬರೆದು ಪತ್ರಿಕೆಗೆ ಕೊಡುತ್ತೇನೆ ಎಂದೆ. ಅವರು ಮೊದಲ ಬಾರಿ ತಲೆ ಎತ್ತಿದರು.

‘ಬರ್ಕೊಳಿ. ಅದ್ನ ಓದೋರು ಯಾರೂ ನನ್ನ ಟಾಸ್ ಅಂತ ಕರೆಯಲ್ಲ. ಕರೆಯೋರು ಗೇಟ್ ಹತ್ರ ಸಿಗ್ತಾರೆ, ಶಿಫ್ಟ್ ಬಿಡೋ ಹೊತ್ತಿಗೆ. ಅಲ್ಲಿ ಬಂದು ಹೇಳಿ. ನಾನಂತೂ ಪಕ್ಕದಲ್ಲಿ ನಿಂತ್ಕೊಳಲ್ಲ.’

ಆದರೂ ಮೊದಲು ಇದನ್ನು ಬರೆದೆ. ಇಲ್ಲಿ ಒಪ್ಪಿಕೊಳ್ಳುವುದು ಸುಲಭ. ನನ್ನಂಥವರೇ ಓದುತ್ತೀರಿ, ಎಂಥ ಪ್ರಾಮಾಣಿಕತೆ ಎಂದು ತಲೆದೂಗುತ್ತೀರಿ. ದಯವಿಟ್ಟು ತೂಗಬೇಡಿ. ಸೋಮವಾರ ಪಾಳಿ ಬಿಡುವ ಹೊತ್ತಿಗೆ ಆ ಗೇಟಿನ ಮುಂದೆ ನಿಲ್ಲುತ್ತೇನೆ. ಮೈಕ್ ಇರುವುದಿಲ್ಲ. ಮನೆಗೆ ಹೋಗುವ ಆತುರದಲ್ಲಿರುವ ಹೆಂಗಸರು ನಿಂತು ಕೇಳಬೇಕೆಂದೂ ಇಲ್ಲ. ಒಬ್ಬೊಬ್ಬರಿಗೂ ಹೇಳಬೇಕಾಗುತ್ತದೆ—ಆಕೆಗೆ ತಲೆ ಇತ್ತು, ಅದನ್ನು ಕೆಡಿಸಿದವಳು ನಾನು ಎಂದು.